ಸೇಂಟ್ ಥಾಮಸ್ ಆಸ್ಪತ್ರೆಯ ದಾದಿಯರ ಶಾಲೆ

ಆಸ್ಪತ್ರೆಯಲ್ಲಿ ಮಲಗಿ ಗುಣಹೊಂದಿ ಮನೆಗೆ ಬಂದವರು ತಮಗೆ ಔಷಧ ಕೊಟ್ಟ ವೈದ್ಯರ ಹೆಸರನ್ನು ನೆನಪಿಟ್ಟುಕೊಳ್ಳುವುದು ಸಾಮಾನ್ಯ. ನಡುರಾತ್ರಿಯಲ್ಲಿ ಬಂದು ದೀಪವನ್ನು ತಗ್ಗಿಸಿ, ಹೊದಿಕೆಯನ್ನು ಸರಿಪಡಿಸಿ, ನಾಡಿಯನ್ನು ಎಣಿಸಿ, ಅದನ್ನು ಕಾಗದದಲ್ಲಿ ಗುರುತುಹಾಕಿಕೊಂಡು ಹೋದವಳ ಹೆಸರು ಅನೇಕರಿಗೆ ತಿಳಿದೇ ಇರುವುದಿಲ್ಲ. ಅವಳು ಅವರಿಗೆ ಬರಿಯ ‘ನರ್ಸಮ್ಮ’. ಈ ನರ್ಸಮ್ಮನಿಗೆ ಹೀಗೆ ನೋಡುವುದನ್ನೂ ನೋಡಿದ್ದನ್ನು ಬರೆದಿಡುವುದನ್ನೂ ಕಲಿಸಿದವರು ಯಾರು ಎಂದು ವಿಚಾರಿಸಹೊರಟರೆ ನಾವು ಲಂಡನ್ ನಗರದ ಒಂದು ಹಳೆಯ ಧರ್ಮಾಸ್ಪತ್ರೆಯ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ. 1860ನೆಯ ಇಸವಿ ಜುಲೈ 9ನೆಯ ತಾರೀಖು ಅಲ್ಲಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 15 ಮಂದಿ ಹೆಂಗಸರನ್ನು ಸೇರಿಸಿಕೊಂಡು ಒಂದು ಶಾಲೆ ಆರಂಭವಾಯಿತು. ಅದರ ಚರಿತ್ರೆಯನ್ನು ಈ ಭಾಷಣದಲ್ಲಿ ನಾವು ಸ್ವಲ್ಪ ವಿಚಾರಮಾಡೋಣ. ಅದು ಎಲ್ಲ ಕಡೆಯೂ ಗೆಲುವಿನ ಕಥೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಐರೋಪ್ಯ ದೇಶಗಳಲ್ಲಿ ಬಹುಕಾಲದವರೆಗೆ ರೋಗಿಗಳ ಶುಶ್ರೂಷೆಯು ಕ್ರೈಸ್ತ ಮಠಗಳ ಸಂನ್ಯಾಸಿನಿಯರ ಕೈಯಲ್ಲಿದ್ದಿತು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯು ಮಠಗಳನ್ನು ಮುಚ್ಚಿಸಿದಾಗ ಆ ಪರಂಪರೆ ಕಡಿದುಹೋಯಿತು. ಸೇಂಟ್ ಥಾಮಸ್ ಆಸ್ಪತ್ರೆಯೂ ಆಗ ಬಾಗಿಲು ಹಾಕಿ, 1551ರಲ್ಲಿ ಆರನೆಯ ಎಡ್ವರ್ಡನ ಕಾಲದಲ್ಲಿ ಮತ್ತೆ ತೆರೆಯಿತು. ಸಂನ್ಯಾಸಿನಿಯರು ಬಿಟ್ಟುಹೋದ ಕೆಲಸವನ್ನು ಕೂಲಿಯ ಹೆಂಗಸರು ಹಿಡಿದರು. ನೆಲ ಸಾರಿಸುವವಳೂ ರೋಗಿಯನ್ನು ನೋಡಿಕೊಳ್ಳುವವಳೂ ಬಹಳಮಟ್ಟಿಗೆ ಒಬ್ಬಳೇ, ಸಂಬಳ ಅಲ್ಪ, ಕುಡಿತದ ಅಪವಾದವಂತೂ ಹೇಳತೀರದು. ಡಿಕನ್ಸ್ ಮಹಾಶಯನು 1840ರ ದಶಕದ ತನ್ನ ಒಂದು ಕಾದಂಬರಿಯಲ್ಲಿ ಚಿತ್ರಿಸಿದ ಸೇರಿ ಗ್ಯಾಂಪ್ ಎಂಬ ಕುಡುಕ ದಾದಿಯನ್ನು ಓದಿ ಇಂಗ್ಲೆಂಡೆಲ್ಲ ನಕ್ಕಿತು. ನಗುವಿನ ಭರದಲ್ಲಿ, ಅದೇ ಅಲ್ಪ ಸಂಬಳಕ್ಕೆ ನಿಷ್ಠೆಯಿಂದ ದುಡಿದು ಅನುಭವದಿಂದಲೇ ಜಾಣೆಯರಾಗಿದ್ದ ಎಷ್ಟೋ ಹೆಂಗಸರು ಮರೆಯಾಗಿಹೋದರು ಎಂಬುದು ನಮ್ಮ ಅಭಿಪ್ರಾಯ. ಅವರಿಗೆ ಇಲ್ಲದೆ ಇದ್ದದ್ದು ಗುಣವಲ್ಲ, ಕಲಿಯುವ ಅವಕಾಶ.

ಆ ಅವಕಾಶವು ಬೇಕೆಂದು ಎಲ್ಲರೂ ಒಪ್ಪಿದ್ದರೆಂದು ತಿಳಿಯಬಾರದು. ಇದೇ ಸೇಂಟ್ ಥಾಮಸ್ ಆಸ್ಪತ್ರೆಯ ಹಿರಿಯ ಶಸ್ತ್ರವೈದ್ಯನಾದ ಜಾನ್ ಫ್ಲಿಂಟ್ ಸೌತ್ ಎಂಬಾತನು 1857ರಲ್ಲಿ ಒಂದು ಸಣ್ಣ ಪುಸ್ತಕವನ್ನು ಅಚ್ಚುಮಾಡಿಸಿ, ದಾದಿಯರ ಸ್ಥಾನವು ಮನೆಗೆಲಸದವರ ಸ್ಥಾನದಂಥದೇ ಎಂದೂ, ಹುಣ್ಣಿಗೆ ಪಟ್ಟು ಹಾಕುವುದೇ ಮೊದಲಾದ ಸಣ್ಣಪುಟ್ಟ ವಿಷಯಗಳ ಹೊರತು ಅವರಿಗೆ ಹೇಳಿಕೊಡಬೇಕಾದದ್ದು ಹೆಚ್ಚೇನೂ ಇಲ್ಲವೆಂದೂ ವಾದಿಸಿದನು. ಅವನು ಕೆಟ್ಟವನಲ್ಲ; ಅಂದಿನ ಬಹುಮಂದಿ ವೈದ್ಯರ ಮನಸ್ಸಿನಲ್ಲಿದ್ದದ್ದನ್ನು ಆತ ಬಾಯಿಬಿಟ್ಟು ಹೇಳಿದನು, ಅಷ್ಟೆ.

ಶಾಲೆಗೆ ಹಣ ಬಂದದ್ದು ಯುದ್ಧದ ದೆಸೆಯಿಂದ. ಫ್ಲಾರೆನ್ಸ್ ನೈಟಿಂಗೇಲಳು 1854ರ ಕೊನೆಯಲ್ಲಿ 38 ಮಂದಿ ದಾದಿಯರನ್ನು ಕರೆದುಕೊಂಡು ತುರ್ಕಿಯ ಸ್ಕುಟಾರಿಗೆ ಹೋಗಿ ಕ್ರಿಮಿಯಾ ಯುದ್ಧದ ಗಾಯಾಳುಗಳಿಗೆ ಶುಶ್ರೂಷೆ ಮಾಡಿದ ಸಂಗತಿ ನಮ್ಮ ಪಾಠಪುಸ್ತಕಗಳಲ್ಲಿಯೂ ಉಂಟು. ಅದನ್ನು ಇಲ್ಲಿ ಮತ್ತೆ ವಿಸ್ತರಿಸುವುದಿಲ್ಲ. ಆಕೆ ಇನ್ನೂ ಅಲ್ಲಿರುವಾಗಲೇ, 1855ರ ನವೆಂಬರ್ 29ರಂದು ಲಂಡನ್ನಿನಲ್ಲಿ ದೊಡ್ಡ ಸಭೆ ಸೇರಿ ಆಕೆಯ ಹೆಸರಿನಲ್ಲಿ ಒಂದು ನಿಧಿಯನ್ನು ಏರ್ಪಡಿಸಿತು. ಶ್ರೀಮಂತರು ಕೊಟ್ಟರು, ಸಿಪಾಯಿಗಳು ತಮ್ಮ ಒಂದೊಂದು ದಿನದ ಸಂಬಳವನ್ನು ಬಿಟ್ಟುಕೊಟ್ಟರು. ಒಟ್ಟು 44,000 ಪೌಂಡಿಗೂ ಮೇಲೆ ಕೂಡಿತು. ಸಾರ್ವಜನಿಕರು ಹೀಗೆ ಕೊಟ್ಟ ಹಣವು ಆಕೆಗೆ ಸಂತೋಷಕ್ಕಿಂತ ಹೆಚ್ಚಾಗಿ ಹೊರೆಯಾಯಿತು. ಯುದ್ಧದಿಂದ ಹಿಂದಿರುಗಿದ ಆಕೆಯ ಆರೋಗ್ಯ ಕೆಟ್ಟಿದ್ದಿತು. ತಾನೇ ನಿಂತು ಶಾಲೆಯನ್ನು ನಡೆಸುವ ಶಕ್ತಿ ಇರಲಿಲ್ಲ. ಕೊನೆಗೆ, 1854ರಿಂದ ಸೇಂಟ್ ಥಾಮಸ್ ಆಸ್ಪತ್ರೆಯ ಮೇಟ್ರನ್ ಆಗಿದ್ದ ಶ್ರೀಮತಿ ಸಾರಾ ವಾರ್ಡ್‌ರೋಪರ್ ಎಂಬಾಕೆಯ ಸಾಮರ್ಥ್ಯವನ್ನು ನಂಬಿ, ಆ ಆಸ್ಪತ್ರೆಯೊಡನೆ ಕರಾರು ಮಾಡಿಕೊಂಡಳು. ವಾರ್ಡ್‌ರೋಪರ್ ಒಬ್ಬ ವೈದ್ಯನ ವಿಧವೆ. ಶುಶ್ರೂಷೆಯ ಶಿಕ್ಷಣ ಪಡೆದವಳಲ್ಲ. ಆದರೆ ಆಳುವುದನ್ನು ಬಲ್ಲವಳು.

ಶುಶ್ರೂಷೆಯನ್ನು ಕಲಿಸಿದ ಮೊದಲ ಸಂಸ್ಥೆ ಇದೇ ಎಂದು ಹಲವರು ಬರೆಯುವುದುಂಟು. ಅದು ಪೂರ್ತಿ ಸರಿಯಲ್ಲ. ಜರ್ಮನಿಯ ಕೈಸರ್‌ಸ್ವರ್ಥಿನ ಕ್ರೈಸ್ತ ಸೇವಿಕೆಯರ ಆಶ್ರಮದಲ್ಲಿ ನೈಟಿಂಗೇಲಳೇ 1851ರಲ್ಲಿ ಮೂರು ತಿಂಗಳು ಇದ್ದು ಕಲಿತಿದ್ದಳು. ಸ್ವಿಟ್ಸರ್ಲೆಂಡಿನ ಲೋಸಾನ್ ಪಟ್ಟಣದಲ್ಲಿ ಮಠದ ಹಂಗಿಲ್ಲದ ‘ಲಾ ಸೂರ್ಸ್’ ಎಂಬ ಶಾಲೆ 1859ರಲ್ಲಿಯೇ ಹುಟ್ಟಿದ್ದಿತು. ಸೇಂಟ್ ಥಾಮಸಿನ ಹೊಸತನವಿದ್ದದ್ದು ಅದರ ಏರ್ಪಾಟಿನಲ್ಲಿ. ಕಲಿಯಬಂದವಳು ಯಾವ ಪಂಥದವಳೆಂದು ಕೇಳಬೇಕಾದದ್ದಿಲ್ಲ, ವ್ರತ ಕೈಕೊಳ್ಳಬೇಕಾದದ್ದಿಲ್ಲ, ಕಲಿತಾದಮೇಲೆ ಸಂಬಳಕ್ಕೆ ದುಡಿಯಬಹುದು, ಅದರಲ್ಲಿ ನಾಚಿಕೆಯಿಲ್ಲ. ಶಾಲೆಯ ಹಣ ಆಸ್ಪತ್ರೆಯದಲ್ಲ, ನಿಧಿಯದು. ಎಲ್ಲಕ್ಕಿಂತ ಮುಖ್ಯವಾಗಿ, ದಾದಿಯು ಕೆಲಸದ ಶಿಸ್ತಿನಲ್ಲಿ ಉತ್ತರ ಹೇಳತಕ್ಕದ್ದು ಪಾದ್ರಿಗೂ ಅಲ್ಲ, ಖಜಾಂಚಿಗೂ ಅಲ್ಲ, ಹೆಂಗಸಾದ ಮೇಟ್ರನ್ನಿಗೆ. ವೈದ್ಯನು ಚಿಕಿತ್ಸೆಯ ಆಜ್ಞೆ ಕೊಡಬಹುದು; ದಾದಿಯನ್ನು ನೇಮಿಸುವ, ತೆಗೆದುಹಾಕುವ ಅಧಿಕಾರ ಅವನದಲ್ಲ. ಹೆಂಗಸಿಗೆ ತನ್ನ ಸ್ವಂತ ಆಸ್ತಿಯ ಮೇಲೆ ಸಹ ಮದುವೆಯಾದ ಬಳಿಕ ಅಧಿಕಾರವಿಲ್ಲದಿದ್ದ ದೇಶಕಾಲಗಳಲ್ಲಿ ಈ ಏರ್ಪಾಟು ಸಣ್ಣದಲ್ಲ.

ಸೇರತಕ್ಕವರು 25ರಿಂದ 35 ವರ್ಷದೊಳಗಿನವರಾಗಿರಬೇಕು. ಹಿಂದೆ ನಮ್ಮ ಕಚೇರಿಗಳಲ್ಲಿ ಉಮೇದುವಾರರೆಂದು ಕರೆಯುತ್ತಿದ್ದ ಹಾಗೆ ಒಂದು ವರ್ಷ ಕೆಲಸ ಮಾಡುತ್ತ ಕಲಿಯಬೇಕು. ಊಟ, ವಸತಿ, ಉಡುಪು ಶಾಲೆಯದು. ಕೈಖರ್ಚಿಗೆ ವರ್ಷಕ್ಕೆ 10 ಪೌಂಡು. ಕಂದು ಬಣ್ಣದ ಉಡುಪು, ಬಿಳಿಯ ಟೋಪಿ. ಒಬ್ಬಳೇ ಹೊರಗೆ ಹೋಗಕೂಡದು. ವರ್ಷ ಮುಗಿದ ಮೇಲೆ ಇನ್ನೂ ಕೆಲವು ವರ್ಷ ಶಾಲೆಯು ಹೇಳಿದ ಆಸ್ಪತ್ರೆಯಲ್ಲಿ ದುಡಿಯಬೇಕು.

ಕಲಿಸುತ್ತಿದ್ದದ್ದೇನು? ಶಾಲೆಯ ನಿಯಮಗಳ ಜೊತೆಗೆ ಅಚ್ಚಾಗಿದ್ದ ಪಟ್ಟಿ ಇದೆ. ಬೊಕ್ಕೆ, ಸುಟ್ಟಗಾಯ, ಹುಣ್ಣುಗಳನ್ನು ತೊಳೆದು ಕಟ್ಟುವುದು, ಜಿಗಣೆ ಹಚ್ಚುವುದು, ಏಳಲಾರದ ರೋಗಿಯನ್ನು ಹೊರಳಿಸುವುದು, ಅವನ ಬೆನ್ನಿಗೆ ಹಾಸಿಗೆಹುಣ್ಣು ಆಗದಂತೆ ಕಾಯುವುದು, ರೋಗಿ ಮಲಗಿದ್ದಂತೆಯೇ ದುಪ್ಪಟಿ ಬದಲಾಯಿಸುವುದು, ಗಂಜಿ, ಆರಾರೂಟು, ಮೊಟ್ಟೆಯ ಪಾನೀಯ ತಯಾರಿಸುವುದು, ವಾರ್ಡಿನೊಳಕ್ಕೆ ಹಗಲೂ ರಾತ್ರಿಯೂ ಗಾಳಿ ಬರುವಂತೆ ನೋಡಿಕೊಳ್ಳುವುದು. ಇವೆಲ್ಲ ಕೈಯ ಕೆಲಸ. ಪಟ್ಟಿಯ ಕೊನೆಗೆ ಬರುವುದು ಕಣ್ಣಿನ ಕೆಲಸ. ರೋಗಿಯ ಕಫ ಹೇಗಿದೆ, ನಾಡಿ ಹೇಗಿದೆ, ಚರ್ಮ ಒಣಗಿದೆಯೋ ಬೆವರಿದೆಯೋ, ಹಸಿವುಂಟೆ, ಉಸಿರು ಹೇಗೆ ಆಡುತ್ತಿದೆ, ನಿದ್ರೆ ಎಂಥದು, ಮಾತು ಸ್ವಾಧೀನದಲ್ಲಿದೆಯೋ ಕನವರಿಕೆಯೋ, ಗಾಯದ ಬಣ್ಣವೇನು, ಕೊಟ್ಟ ಔಷಧಕ್ಕೆ ದೇಹ ಏನು ಮಾಡಿತು—ಇವನ್ನು ಗಮನಿಸಿ ವೈದ್ಯನಿಗೆ ಒಪ್ಪಿಸಬೇಕು. ವೈದ್ಯನು ದಿನದಲ್ಲಿ ಒಂದೆರಡು ಬಾರಿ ಹಾಸಿಗೆಯ ಬಳಿ ಬಂದುಹೋಗುವವನು. ಉಳಿದ ಹೊತ್ತೆಲ್ಲ ರೋಗವು ದಾದಿಯ ಕಣ್ಣೆದುರಿಗೇ ನಡೆಯುತ್ತದೆ. ಅವಳಿಗೆ ನೋಡಲು ಬಾರದಿದ್ದರೆ ವೈದ್ಯನ ವಿದ್ಯೆ ಅರ್ಧ ಕುರುಡು. ಆದಕಾರಣ ವಿದ್ಯಾರ್ಥಿನಿಯರು ದಿನಚರಿ ಬರೆದಿಡಬೇಕೆಂದೂ ತಾವು ಆರೈಕೆ ಮಾಡಿದ ರೋಗಿಗಳ ವಿವರಗಳನ್ನು ಗುರುತುಹಾಕಿಕೊಳ್ಳಬೇಕೆಂದೂ ವಿಧಿಸಿದ್ದರು.

ಈ ನೋಡುವ ಹಟವನ್ನು ನೈಟಿಂಗೇಲಳು ಎಲ್ಲಿಯೂ ಬಿಟ್ಟವಳಲ್ಲ. ಇಂಡಿಯಾ ದೇಶಕ್ಕೆ ಆಕೆ ಬರಲೇ ಇಲ್ಲ. ಆದರೂ ಇಲ್ಲಿಯ ಸೈನ್ಯದ ಆರೋಗ್ಯವನ್ನು ಕುರಿತು 1863ರಲ್ಲಿ ಹೊರಬಂದ ರಾಯಲ್ ಕಮಿಷನ್ನಿನ ವರದಿಗಾಗಿ ಊರೂರುಗಳಿಂದ ಬಂದ ಉತ್ತರಗಳನ್ನು ರಾಶಿಹಾಕಿಕೊಂಡು ಓದಿದಳು. ನಮ್ಮ ಬೆಂಗಳೂರು ದಂಡಿನ ಉತ್ತರವೂ ಅದರಲ್ಲಿದ್ದಿತು. ಜನರು ಕುಡಿಯುತ್ತಿದ್ದ ಹಲಸೂರು ಕೆರೆಗೆ ಪೇಟೆಯ ಕೊಳಚೆಯೆಲ್ಲ ಹರಿದು ಸೇರುತ್ತಿದ್ದ ವಿಷಯವನ್ನು ಆಕೆ ಎತ್ತಿ ತೋರಿಸಿದಳು. ಲಂಡನ್ನಿನಲ್ಲಿ ಹಾಸಿಗೆಯ ಮೇಲೆ ಮಲಗಿ ಹಲಸೂರು ಕೆರೆಯನ್ನು ಕಂಡ ಕಣ್ಣು ಅದು.

ಇಷ್ಟು ದೂರ ನೋಡಿದ ಆಕೆ, ಹತ್ತಿರದಲ್ಲಿದ್ದ ತನ್ನ ಶಾಲೆಯನ್ನೇ ಹತ್ತು ವರ್ಷ ಸರಿಯಾಗಿ ನೋಡಲಿಲ್ಲ. ಇದೇ ಈ ಚರಿತ್ರೆಯ ದೊಡ್ಡ ವೈಚಿತ್ರ್ಯವೆಂದು ನಮಗೆ ತೋರುತ್ತದೆ.

ಶಾಲೆ ಆರಂಭವಾದ ಎರಡೇ ವರ್ಷಕ್ಕೆ ರೈಲುದಾರಿಗಾಗಿ ಹಳೆಯ ಆಸ್ಪತ್ರೆಯನ್ನು ಮಾರಬೇಕಾಯಿತು. 1862ರಿಂದ 1871ರವರೆಗೆ ಆಸ್ಪತ್ರೆಯೂ ಶಾಲೆಯೂ ಸರ್ರೆ ಉದ್ಯಾನವೆಂಬ ಹಳೆಯ ವಿನೋದಸ್ಥಾನದ ಕಟ್ಟಡಗಳಲ್ಲಿ ಬಿಡಾರ ಹೂಡಿದ್ದವು. ಮೇಟ್ರನ್ನಿಗೆ ಆಸ್ಪತ್ರೆಯ ಹೊಣೆಯೇ ಸಾಕಷ್ಟಿದ್ದಿತು. ಪಾಠ ಹೇಳುವ ಹೊಣೆ ಹೊತ್ತಿದ್ದ ವಿಟ್‌ಫೀಲ್ಡ್ ಎಂಬ ವೈದ್ಯನ ಉಪನ್ಯಾಸಗಳು ವಿರಳವಾದವು. ವಾರ್ಡುಗಳಲ್ಲಿ ಕೈಗಳ ಕೊರತೆ. ಕಲಿಯಬಂದವರೇ ಅಗ್ಗದ ಕೆಲಸಗಾರರಾದರು. ದಿನಚರಿ ಬರೆಯಲು ಹೊತ್ತೆಲ್ಲಿಯದು? ಕೆಲವರು ರೋಗ ತಗಲಿ ಬಿಟ್ಟುಹೋದರು, ಕೆಲವರು ನಡತೆಯ ಕಾರಣದಿಂದ ಹೊರಗಾದರು, ಕೆಲವರು ಸತ್ತರು. ಹೊರಗಿನ ಜನಕ್ಕೆ ಇದಾವುದೂ ಕಾಣಲಿಲ್ಲ. ನೈಟಿಂಗೇಲ್ ಎಂಬ ಹೆಸರು ಎಲ್ಲವನ್ನೂ ಬೆಳಗಿಸಿಬಿಟ್ಟಿತ್ತು.

ಈ ಇಕ್ಕಟ್ಟಿನ ವರ್ಷಗಳಲ್ಲಿಯೇ ಶಾಲೆಯ ಮಹತ್ತಾದ ಕೆಲಸವೂ ನಡೆಯಿತೆಂಬುದನ್ನು ಮರೆಯಬಾರದು. ಲಿವರ್‌ಪೂಲಿನ ವರ್ಕ್‌ಹೌಸ್, ಎಂದರೆ ದಿಕ್ಕಿಲ್ಲದ ಬಡವರನ್ನು ಕೂಡಿಹಾಕುತ್ತಿದ್ದ ದುಡಿಮೆಮನೆ, ಅದರ ಆಸ್ಪತ್ರೆಯಲ್ಲಿ ನೂರಾರು ರೋಗಿಗಳನ್ನು ಅಲ್ಲಿಯೇ ಇದ್ದ ದಿಕ್ಕಿಲ್ಲದ ಹೆಂಗಸರು ನೋಡಿಕೊಳ್ಳುತ್ತಿದ್ದರು. ವಿಲಿಯಂ ರಾತ್‌ಬೋನ್ ಎಂಬ ವರ್ತಕನು ಹಣ ಕೊಡಲೊಪ್ಪಿದ ಮೇಲೆ, ಈ ಶಾಲೆಯಲ್ಲಿ ಕಲಿತ ಆಗ್ನೆಸ್ ಜೋನ್ಸ್ ಎಂಬ ಐರ್ಲೆಂಡಿನ ತರುಣಿ 1865ರ ಮೇ ತಿಂಗಳಲ್ಲಿ 12 ಮಂದಿ ದಾದಿಯರೊಡನೆ ಅಲ್ಲಿಗೆ ಹೋದಳು. ಬಿಟ್ಟಿಯಾಗಿ ಅನ್ನ ತಿನ್ನುವವರಿಗೆ ಕಲಿತ ದಾದಿ ಏಕೆ ಎಂದು ಕೇಳುವವರಿದ್ದರು. ಆಗ್ನೆಸ್ ಉತ್ತರ ಕೊಡುತ್ತ ಕೂರದೆ ಕೆಲಸ ಮಾಡಿದಳು. ಮೂರು ವರ್ಷ ತುಂಬುವ ಮೊದಲೇ, 1868ರ ಫೆಬ್ರವರಿಯಲ್ಲಿ, ಟೈಫಸ್ ಜ್ವರ ತಗಲಿ ತೀರಿಕೊಂಡಳು, ವಯಸ್ಸು 35. ಸಂಬಳ ಕೊಡಲಾರದ ರೋಗಿಗೂ ಕಲಿತ ಕೈಯ ಆರೈಕೆ ಸಲ್ಲತಕ್ಕದ್ದು ಎಂಬ ಮಾತು ಇಂಗ್ಲೆಂಡಿನಲ್ಲಿ ಆಮೇಲೆ ಬಲವಾಯಿತು.

ಅದೇ 1868ರ ಮಾರ್ಚಿ ತಿಂಗಳಲ್ಲಿ ಲೂಸಿ ಆಸ್ಬರ್ನ್ ಎಂಬಾಕೆ ಐವರು ದಾದಿಯರೊಡನೆ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಹಡಗಿನಿಂದ ಇಳಿದಳು. ಇಳಿದ ವಾರದಲ್ಲಿಯೇ ವಿಕ್ಟೋರಿಯಾ ರಾಣಿಯ ಮಗ ಆಲ್‌ಫ್ರೆಡ್ ರಾಜಕುಮಾರನ ಮೇಲೆ ಅಲ್ಲಿ ಗುಂಡು ಹಾರಿತು. ಅವನ ಶುಶ್ರೂಷೆ ಈ ಹೊಸ ದಾದಿಯರ ಪಾಲಿಗೆ ಬಂದಿತು. ರಾಜಕುಮಾರನು ಬದುಕಿಕೊಂಡನು, ದಾದಿಯರ ಹೆಸರೂ ಉಳಿಯಿತು. ಆದರೆ ಆಸ್ಪತ್ರೆಯ ಕ್ರಿಮಿಕೀಟ, ಕೊಳಕು, ವೈದ್ಯರ ವಿರೋಧ ಇವುಗಳೊಡನೆ ಆಸ್ಬರ್ನ್ 1884ರವರೆಗೂ ಹೆಣಗಬೇಕಾಯಿತು.

ಇನ್ನೊಂದು ಪ್ರಯೋಗ ಸೋತಿತು. ನಿಧಿಯ ಹಣದಿಂದಲೇ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಹಳ್ಳಿಗಾಡಿನ ಸೂಲಗಿತ್ತಿಯರಿಗೆ ಶಿಕ್ಷಣ ಕೊಡುವ ಒಂದು ವಾರ್ಡನ್ನು ತೆರೆದಿದ್ದರು. ಅಲ್ಲಿ ಬಾಣಂತಿಯರಿಗೆ ಸೂತಿಕಾಜ್ವರ ತಗಲಿ ಸಾವುಗಳಾದದ್ದರಿಂದ 1867ರಲ್ಲಿ ಅದನ್ನು ಮುಚ್ಚಿಬಿಟ್ಟರು. ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರೇನೋ. ನೈಟಿಂಗೇಲಳು ಹೆರಿಗೆಯ ಸಾವುಗಳ ಲೆಕ್ಕವನ್ನು ದೇಶದೇಶಗಳಿಂದ ತರಿಸಿ ಹೋಲಿಸಿ, ಹೆರಿಗೆ ಆಸ್ಪತ್ರೆಗಳಲ್ಲಿ ಆಗುವ ಸಾವು ಮನೆಯ ಹೆರಿಗೆಯಲ್ಲಾಗುವುದಕ್ಕಿಂತ ಹೆಚ್ಚೆಂಬುದನ್ನು 1871ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು.

1871ರಲ್ಲಿ ಥೇಮ್ಸ್ ನದಿಯ ದಡದ ಹೊಸ ಕಟ್ಟಡಕ್ಕೆ ಆಸ್ಪತ್ರೆ ಬಂದಿತು. ಗಾಳಿಬೆಳಕು ಎರಡು ಕಡೆಯಿಂದಲೂ ಬರುವಂತೆ ಬಿಡಿಬಿಡಿಯಾಗಿ ಕಟ್ಟಿದ ಉದ್ದುದ್ದನೆಯ ವಾರ್ಡುಗಳು ನೈಟಿಂಗೇಲಳ ಮನಸ್ಸಿಗೆ ಒಪ್ಪಿದ ಮಾದರಿ. ಈ ಹೊತ್ತಿಗೆ ಶಾಲೆಯ ನಿಜಸ್ಥಿತಿ ಆಕೆಯ ಕಿವಿಗೆ ಬಿದ್ದಿತ್ತು. ಆಕೆ ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರನ್ನಾಗಿ ತನ್ನ ಮನೆಗೆ ಕರೆಸಿ, ಚಹಾ ಕೊಟ್ಟು, ಮಾತಾಡಿಸಿ, ಅವರು ಹೋದ ಮೇಲೆ ಪ್ರತಿಯೊಬ್ಬಳನ್ನೂ ಕುರಿತು ಗುರುತು ಬರೆದಿಟ್ಟಳು. ವಿಟ್‌ಫೀಲ್ಡನ ಸ್ಥಾನಕ್ಕೆ ಜಾನ್ ಕ್ರಾಫ್ಟ್ ಎಂಬ ಶಸ್ತ್ರವೈದ್ಯನು ಬಂದು ಕ್ರಮವಾಗಿ ಪಾಠ ಹೇಳತೊಡಗಿದನು. ವಸತಿಗೃಹದಲ್ಲಿ ಹುಡುಗಿಯರ ಓದುಬರಹವನ್ನು ನೋಡಿಕೊಳ್ಳಲು ಪ್ರತ್ಯೇಕವಾಗಿ ಒಬ್ಬ ಮೇಲ್ವಿಚಾರಕಿಯನ್ನು ನೇಮಿಸಿದರು. 1872ರಿಂದ ಮುಂದಕ್ಕೆ, 1900ರವರೆಗೆ, ನೈಟಿಂಗೇಲಳು ಬಹುಪಾಲು ವರ್ಷಗಳಲ್ಲಿ ವಿದ್ಯಾರ್ಥಿನಿಯರಿಗೆ ಒಂದು ದೀರ್ಘ ಪತ್ರ ಬರೆದು ಓದಿಸುತ್ತಿದ್ದಳು. ಇಷ್ಟಾದರೂ ತಾನೇ ಹೋಗಿ ಹೊಸ ಆಸ್ಪತ್ರೆಯನ್ನೂ ಶಾಲೆಯನ್ನೂ ಕಂಡದ್ದು 1882ರಲ್ಲಿ.

ಶಾಲೆಯೊಳಗೆ ಅಂತಸ್ತಿನ ಭೇದವೂ ಇದ್ದಿತೆಂಬುದನ್ನು ಮುಚ್ಚಿಡಲಾಗದು. ಬಡ ಮತ್ತು ನಡುತರದ ಹೆಂಗಸರು ಸಂಬಳ ಪಡೆದು ಕಲಿಯುವವರು; ಮೇಲುಮನೆತನದವರು ತಮ್ಮ ಖರ್ಚನ್ನು ತಾವೇ ಕೊಟ್ಟು ಕಲಿಯುವವರು. ಮುಂದೆ ಮೇಟ್ರನ್ ಪದವಿಗಳು ಹೆಚ್ಚಾಗಿ ಎರಡನೆಯ ವರ್ಗಕ್ಕೆ ಹೋದವು. ಗುಣವೊಂದನ್ನೇ ನೋಡುವೆವೆಂದು ಹೇಳಿದ ಶಾಲೆಯು ಮನೆತನವನ್ನೂ ನೋಡಿತು.

ಗುಣವನ್ನು ಅಳೆಯಲು ಶಾಲೆಯು ಮಾಡಿದ್ದ ಹವಣಿಕೆಯಂತೂ ವಿಲಕ್ಷಣವಾದದ್ದು. ಪ್ರತಿ ತಿಂಗಳೂ ಮೇಟ್ರನ್ ಒಬ್ಬೊಬ್ಬ ವಿದ್ಯಾರ್ಥಿನಿಯ ಹೆಸರಿನ ಮುಂದೆ ಹಾಳೆಯೊಂದನ್ನು ತುಂಬಬೇಕು: ಹೊತ್ತಿಗೆ ಸರಿಯಾಗಿ ಬರುವುದು, ಮೆಲುದನಿ, ನಂಬಿಕೆಗೆ ಅರ್ಹತೆ, ಶುಚಿತ್ವ, ವಾರ್ಡಿನ ಓರಣ ಇವೊಂದೊಂದಕ್ಕೂ ಉತ್ತಮದಿಂದ ಸೊನ್ನೆಯವರೆಗೆ ಐದು ಅಂತಸ್ತು. ಕೈಕೆಲಸಗಳಿಗೂ ಹಾಗೆಯೇ. ಇಂಥ ಹಾಳೆಯು ಒಳ್ಳೆಯವಳ ಕೈಯಲ್ಲಿದ್ದರೆ ಕನ್ನಡಿ, ಮುಂಗೋಪಿಯ ಕೈಯಲ್ಲಿದ್ದರೆ ಕೊರಡೆ. ವಿಧೇಯತೆಯನ್ನು ಅತಿಯಾಗಿ ಹೊಗಳಿದ್ದರಿಂದ, ಕಂಡದ್ದನ್ನು ಹೇಳಬೇಕಾದ ದಾದಿಯೇ ಹಿರಿಯರ ಮುಂದೆ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸವೂ ಬೆಳೆಯಿತೆಂದು ಮುಂದಿನವರು ಆಕ್ಷೇಪಿಸಿದರು. ಆಕ್ಷೇಪ ನಿರಾಧಾರವಲ್ಲ.

ಇದೇ ಪ್ರಶ್ನೆ 1887ರ ಮೇಲೆ ದೊಡ್ಡ ಜಗಳವಾಯಿತು. ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಎಂಬ ಮಾಜಿ ಮೇಟ್ರನ್ ದಾದಿಯರ ಸಂಘವೊಂದನ್ನು ಸ್ಥಾಪಿಸಿ, ವೈದ್ಯರಿಗಿರುವಂತೆ ದಾದಿಯರಿಗೂ ಸರ್ಕಾರದ ಪರೀಕ್ಷೆ, ಸರ್ಕಾರದ ರಿಜಿಸ್ಟರು ಬೇಕೆಂದು ಕೇಳಿದಳು. ನೈಟಿಂಗೇಲಳು ಒಪ್ಪಲಿಲ್ಲ. ಔಷಧದ ಹೆಸರನ್ನು ಪರೀಕ್ಷೆಯಲ್ಲಿ ಬರೆಯಬಹುದು, ತಾಳ್ಮೆಯನ್ನು ಹೇಗೆ ಬರೆಯುವುದು ಎಂಬುದು ಆಕೆಯ ವಾದದ ತಿರುಳು. ವಾದದಲ್ಲಿ ಸತ್ಯವಿದ್ದಿತು, ಆದರೆ ಕಳ್ಳ ದಾದಿಯಿಂದ ರೋಗಿಯನ್ನು ರಕ್ಷಿಸುವ ಬಗೆ ಅದರಲ್ಲಿರಲಿಲ್ಲ. ನ್ಯೂಜಿಲೆಂಡು 1901ರಲ್ಲಿ ದಾದಿಯರ ನೋಂದಣಿಗೆ ಕಾನೂನು ಮಾಡಿತು. ನೈಟಿಂಗೇಲಳು 1910ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಇಂಗ್ಲೆಂಡಿನ ಕಾನೂನು 1919ರಲ್ಲಿ ಬಂದಿತು. ನಮ್ಮ ದೇಶದಲ್ಲಿ ಮದರಾಸು ಪ್ರಾಂತವು 1926ರಲ್ಲಿ ಅಂಥ ಕಾನೂನು ಮಾಡಿತು. ಇಡೀ ದೇಶಕ್ಕೆ ನರ್ಸಿಂಗ್ ಕೌನ್ಸಿಲನ್ನು ಏರ್ಪಡಿಸುವ ಕಾನೂನು 1947ರದು.

ಶಾಲೆಯ ಮಾದರಿ ದೂರದೂರಕ್ಕೆ ಹಬ್ಬಿದ್ದನ್ನೆಲ್ಲ ಹೇಳಲು ಹೊತ್ತು ಸಾಲದು. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆ 1873ರಲ್ಲಿ ಅದನ್ನು ಅನುಸರಿಸಿತು. ಜಪಾನಿನ ತಕಾಗಿ ಕಾನೆಹಿರೋ ಸೇಂಟ್ ಥಾಮಸಿನಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದಾಗ ಈ ದಾದಿಯರನ್ನು ಕಂಡು, ತಾಯ್ನಾಡಿಗೆ ಮರಳಿ 1885ರಲ್ಲಿ ಟೋಕಿಯೋದಲ್ಲಿ ದಾದಿಯರ ಶಾಲೆ ತೆರೆದನು. ನೈಜೀರಿಯದ ಕೋಫೊವೊರೋಲಾ ಅಬೇನಿ ಪ್ರ್ಯಾಟ್ ಎಂಬಾಕೆ 1946ರಲ್ಲಿ ಈ ಶಾಲೆಗೇ ಬಂದು ಸೇರಿದಳು. ಕ್ರಿಮಿಯಾಕ್ಕೆ ಹೋಗಬಯಸಿದ ಜಮೈಕದ ಮೇರಿ ಸೀಕೋಲಳನ್ನು 1854ರಲ್ಲಿ ಲಂಡನ್ನಿನವರು ದಾದಿಯಾಗಿ ತೆಗೆದುಕೊಳ್ಳದೆ ಹಿಂದಕ್ಕೆ ಕಳುಹಿಸಿದ್ದನ್ನು ನೆನೆದರೆ, ಪ್ರ್ಯಾಟ್ ಸೇರಿದ್ದು ಎಷ್ಟು ಕಾಲದ ಮೇಲೆ ಎಂಬುದು ತಿಳಿದೀತು. ಆಕೆ ತನ್ನ ದೇಶಕ್ಕೆ ಮರಳಿ ಇಬಾದಾನಿನ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಮೊದಲ ನೈಜೀರಿಯನ್ ಮೇಟ್ರನ್ ಆದಳು. ಸೀಕೋಲಳ ಪ್ರತಿಮೆಯು 2016ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲಿಯೇ ಎದ್ದು ನಿಂತಿತು.

ಶಾಲೆಯು 1990ರ ದಶಕದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನೊಡನೆ ಕೂಡಿಕೊಂಡು ವಿಶ್ವವಿದ್ಯಾಲಯದ ಒಂದು ಅಂಗವಾಯಿತು. ಅದರ ಹಳೆಯ ರಿಜಿಸ್ಟರುಗಳೂ ಮೇಟ್ರನ್ ತುಂಬಿದ ತಿಂಗಳ ಹಾಳೆಗಳೂ ಲಂಡನ್ ನಗರದ ದಫ್ತರಖಾನೆಯಲ್ಲಿವೆ. ಮೊದಲ ಹತ್ತು ವರ್ಷಗಳಲ್ಲಿ ಶಾಲೆಯು ಎಷ್ಟು ಮುಗ್ಗರಿಸಿತೆಂಬುದನ್ನು ಮೋನಿಕಾ ಬೇಲಿ ಎಂಬ ಚರಿತ್ರಕಾರ್ತಿಯು 1986ರಲ್ಲಿ ಪುಸ್ತಕವಾಗಿ ಬರೆದಳು. ಆಕೆಯೂ ಮೊದಲಿಗೆ ದಾದಿಯೇ. ಬರೆಯಲು ಆಕೆಗೆ ಆಧಾರವಾದದ್ದು ಶಾಲೆಯೇ ಬರೆದಿಟ್ಟ ಕಾಗದಗಳು.